ಸಂಗೊಳ್ಳಿ: ಅಂಗಡಿಗೆ ಬೇಕಾದದ್ದು ಜಾತ್ರೆಯ ಜನವಲ್ಲ, ನಿತ್ಯದ ಗಿರಾಕಿ

ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹುಟ್ಟೂರು ಪ್ರವಾಸಿ ನಕಾಶೆಯಲ್ಲಿ ಸ್ಥಾನ ಪಡೆದಿದೆ. ರಾಯಣ್ಣನ ಬದುಕನ್ನು ಶಿಲ್ಪಗಳಲ್ಲಿ ನಿರೂಪಿಸುವ ಶೌರ್ಯಭೂಮಿ ಹಾಗೂ ಸೈನಿಕ ಶಾಲೆ 2024ರ ಜನವರಿಯಲ್ಲಿ ಉದ್ಘಾಟನೆಗೊಂಡವು. ಇಂಥ ತಾಣದ ಎದುರು ನಾಲ್ಕು ಅಡಿ ಜಾಗ ಸಿಕ್ಕರೂ ಸಾಕು, ಬದುಕು ಹಸನಾದೀತು ಎಂದು ಸುತ್ತಲಿನ ನಿರುದ್ಯೋಗಿ ಯುವಕರು ಭಾವಿಸುವುದು ಸಹಜ. ಆದರೆ ಸಾಲ ಮಾಡಿ ಅಂಗಡಿ ಹಾಕುವವರ ಮುಂದಿರುವ ಪ್ರಶ್ನೆ ಬೇರೆಯೇ ಇದೆ. ಜನ ಎಷ್ಟು ಬರುತ್ತಾರೆ ಎಂಬುದಕ್ಕಿಂತ ವರ್ಷದಲ್ಲಿ ಎಷ್ಟು ದಿನ ಬರುತ್ತಾರೆ ಎಂಬುದೇ ಮುಖ್ಯ.

ಸಂಗೊಳ್ಳಿ ಉತ್ಸವ ನಡೆಯುವುದು ಜನವರಿ 12 ಮತ್ತು 13ರಂದು. ರಾಯಣ್ಣ ಹುಟ್ಟಿದ ಆಗಸ್ಟ್ 15, ಗಲ್ಲಿಗೇರಿದ ಜನವರಿ 26 ಕೂಡ ಅಭಿಮಾನಿಗಳನ್ನು ಸೆಳೆಯುವ ದಿನಗಳು. ಇವಕ್ಕೆ ಶಾಲಾ ಪ್ರವಾಸದ ಹಂಗಾಮನ್ನೂ ರಜಾದಿನಗಳನ್ನೂ ಸೇರಿಸಿದರೂ ಬಾಡಿಗೆ ಮಾತ್ರ 12 ತಿಂಗಳಿಗೂ ಕಟ್ಟಬೇಕು. ಸೈನಿಕ ಶಾಲೆ ವಸತಿ ಶಾಲೆ. ಅಲ್ಲಿನ ವಿದ್ಯಾರ್ಥಿಗಳು ಸಂಜೆ ಪೇಟೆಗೆ ಬರುವ ಗಿರಾಕಿಗಳಲ್ಲ.

ಜಾತ್ರೆಯ ವ್ಯಾಪಾರಿಗಳು ಈ ಸತ್ಯವನ್ನು ಬಹುಹಿಂದೆಯೇ ಅರಿತಿದ್ದಾರೆ. ಬಳೆ, ಆಟಿಕೆ, ಬೆಂಡು-ಬತ್ತಾಸು ಮಾರುವವರು ಒಂದೇ ಕಡೆ ಕಾಯುತ್ತ ಕೂರುವುದಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡ, ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ, ಜನವರಿಯಲ್ಲಿ ಸಂಗೊಳ್ಳಿ. ಹೀಗೆ ಜನ ಸೇರುವಲ್ಲಿಗೆ ಸರಕೇ ಹೋಗುತ್ತದೆ. ಉತ್ಸವದ ವ್ಯಾಪಾರಕ್ಕೆ ಡೇರೆ, ತಳ್ಳುಗಾಡಿ ಲೇಸೇ ಹೊರತು ಮುಂಗಡ ಕೊಟ್ಟು ಹಿಡಿದ ಮಳಿಗೆಯಲ್ಲ.

ನಿತ್ಯದ ವ್ಯಾಪಾರದ ಲೆಕ್ಕವೂ ಬದಲಾಗಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್‌ಗಳಲ್ಲಿ ಟಿಕೆಟ್ ದರವಿಲ್ಲ. ಬೈಲಹೊಂಗಲದ ಪೇಟೆಗೆ ಹೋಗಿ ನಾಲ್ಕು ಅಂಗಡಿ ನೋಡಿ ಸೀರೆ, ಪಾತ್ರೆ ಕೊಳ್ಳಲು ಅವರಿಗೀಗ ಬಸ್ ಖರ್ಚಿನ ಚಿಂತೆಯಿಲ್ಲ. ಹೀಗಾಗಿ ಆಯ್ಕೆ ಮಾಡಿ ಕೊಳ್ಳುವ ಸರಕಿನ ಅಂಗಡಿಯನ್ನು ಹಳ್ಳಿಯಲ್ಲಿ ತೆರೆಯುವುದು ಅಪಾಯದ ನಡೆ. ತಕ್ಷಣ ಬೇಕಾಗುವ ಔಷಧಿ, ಹಿಟ್ಟಿನ ಗಿರಣಿ, ಪಂಪ್‌ಸೆಟ್ ಮತ್ತು ಬೈಕ್ ದುರಸ್ತಿ, ಚಹಾ-ಉಪಾಹಾರ ಇವು ಊರಲ್ಲೇ ನಿಲ್ಲಬಲ್ಲವು. ಅವಕ್ಕೆ ತಕ್ಕ ಜಾಗ ಸ್ಮಾರಕದ ದ್ವಾರವಲ್ಲ, ರೈತರೂ ಶಾಲಾ ಮಕ್ಕಳೂ ದಿನಾ ಹಾಯುವ ಬಸ್ ನಿಲ್ದಾಣದ ಆಸುಪಾಸು.

ತಯಾರಿಕಾ ಘಟಕಗಳದ್ದು ಮತ್ತೊಂದು ಲೆಕ್ಕ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಖಾರದಪುಡಿ ಮಾಡುವ ಮಹಿಳೆಯರಿಗೆ ಮುಖ್ಯರಸ್ತೆಯ ಮಳಿಗೆ ಬೇಕಿಲ್ಲ. ಸರಕು ಬೈಲಹೊಂಗಲ, ಬೆಳಗಾವಿ, ಧಾರವಾಡಕ್ಕೆ ಹೋಗುವುದರಿಂದ ಓಣಿಯೊಳಗಿನ ಸ್ವಂತ ಮನೆಯೇ ಸಾಕು. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ 2022ರ ಪರಿಷ್ಕೃತ ನಿಯಮಗಳಲ್ಲಿ ಮಹಿಳೆಯರೂ ಸೇರಿದ ವಿಶೇಷ ವರ್ಗಕ್ಕೆ ಗ್ರಾಮೀಣ ಭಾಗದಲ್ಲಿ ಶೇ. 35, ನಗರದಲ್ಲಿ ಶೇ. 25 ಸಹಾಯಧನ ನಿಗದಿಯಾಗಿದೆ. ಅಂದರೆ 5 ಲಕ್ಷ ರೂಪಾಯಿಯ ಘಟಕ ಪುರಸಭೆಯ ಬದಲು ಹಳ್ಳಿಯಲ್ಲಿದ್ದರೆ 50 ಸಾವಿರ ರೂಪಾಯಿ ಹೆಚ್ಚುವರಿ ನೆರವು.

ಜಾಗ ಅಗ್ಗವೆಂದು ನದಿಪಾತ್ರದತ್ತ ವಾಲುವವರು 2019ರ ಆಗಸ್ಟ್ ತಿಂಗಳನ್ನು ಮರೆಯಬಾರದು. ಅಂದು ಮಲಪ್ರಭೆ ಉಕ್ಕಿ ರಾಮದುರ್ಗದಂಥ ಪಟ್ಟಣದ ತಗ್ಗು ಪ್ರದೇಶಗಳೇ ನೀರಿನಲ್ಲಿ ಮುಳುಗಿದ್ದವು. ಮಲಪ್ರಭೆಯ ದಂಡೆಯಲ್ಲೇ ಇರುವ ಸಂಗೊಳ್ಳಿಗೂ ಈ ಎಚ್ಚರ ಅನ್ವಯಿಸುತ್ತದೆ.

ಹಾಗೆಂದ ಮಾತ್ರಕ್ಕೆ ಪ್ರವಾಸೋದ್ಯಮ ಊರಿಗೆ ಲಾಭ ತಾರದು ಎಂದಲ್ಲ. ಲಾಭ ಯಾರಿಗೆ ಎಂಬುದು ಆಡಳಿತ ಮಾಡುವ ಹಂಚಿಕೆಯನ್ನು ಅವಲಂಬಿಸಿದೆ. ಸ್ಮಾರಕದ ಬಳಿ ಮಳಿಗೆ ಕಟ್ಟಿ ಹೆಚ್ಚು ಬಾಡಿಗೆ ಕೂಗಿದವರಿಗೇ ಹರಾಜು ಹಾಕಿದರೆ ಹೊರಗಿನ ಬಂಡವಾಳಗಾರ ಒಳಗೆ ಬರುತ್ತಾನೆ, ಊರಿನವರು ಹೊರಗೆ ಉಳಿಯುತ್ತಾರೆ. ಅದರ ಬದಲು ದಿನಬಾಡಿಗೆಯ ಚಿಕ್ಕ ಕಟ್ಟೆಗಳನ್ನು ಒದಗಿಸಿ, ಸ್ವಸಹಾಯ ಸಂಘಗಳಿಗೆ ಮೊದಲ ಪಾಲು ನೀಡುವುದು ಮೇಲು. ಪ್ರತಿ ತಿಂಗಳು ಭೇಟಿ ನೀಡಿದವರ ಸಂಖ್ಯೆಯನ್ನು ಗ್ರಾಮ ಪಂಚಾಯಿತಿ ಫಲಕದಲ್ಲಿ ಪ್ರಕಟಿಸಿದರೆ ಸಾಲ ಪಡೆಯುವವರಿಗೂ ಕೊಡುವ ಬ್ಯಾಂಕಿಗೂ ವಾಸ್ತವ ತಿಳಿಯುತ್ತದೆ. ಅಲ್ಲಿಯವರೆಗೆ ಅಂಗಡಿ ಹಾಕಬಯಸುವವರು ಉತ್ಸವದ ದಿನವಲ್ಲ, ಮಳೆಗಾಲದ ಒಂದು ಮಂಗಳವಾರ ಅದೇ ಜಾಗದಲ್ಲಿ ನಿಂತು ಹಾದುಹೋಗುವವರನ್ನು ಎಣಿಸುವುದು ಒಳಿತು.