ಅಂಗೈಯಲ್ಲಿ ರಸಾಯನಶಾಸ್ತ್ರ

“ಏ ತಮ್ಮಾ, ಸ್ವಲ್ಪ ತಂಬಾಕ ತಿಕ್ಕಿ ಕೊಡ” ಎಂದು ಅರಕೇರಿಯ ಕಟ್ಟೆಯ ಮೇಲೆ ಕುಳಿತ ಅಜ್ಜ ಮೊಮ್ಮಗನ ಅಂಗೈಗೆ ತಂಬಾಕು, ಸುಣ್ಣ ಹಾಕುತ್ತಾನೆ. ಸುಣ್ಣವೇಕೆ? ರುಚಿಗೆ ಎನ್ನುತ್ತಾರೆ. ಸಂಗತಿ ಬೇರೆಯೇ ಇದೆ. ಎಲೆಯಲ್ಲಿ ನಿಕೋಟಿನ್ ಹೆಚ್ಚಾಗಿ ಆಮ್ಲಗಳೊಡನೆ ಕೂಡಿ ಲವಣರೂಪದಲ್ಲಿರುತ್ತದೆ. ಸುಣ್ಣ ಪ್ರತ್ಯಾಮ್ಲ, ಆಮ್ಲವನ್ನು ತಾನು ಹಿಡಿದುಕೊಂಡು ನಿಕೋಟಿನನ್ನು ಬಿಡಿಸುತ್ತದೆ. ಬಿಡಿಯಾದ ನಿಕೋಟಿನ್ ಬಾಯಿಯ ಒಳಪೊರೆಯನ್ನು ಬೇಗ ದಾಟಿ ರಕ್ತ ಸೇರುತ್ತದೆ. ತಿಕ್ಕುವ ಹುಡುಗನ ಬೆವರಿದ ಅಂಗೈಯೂ ಅಷ್ಟಿಷ್ಟು ಹೀರದೆ ಬಿಡುವುದಿಲ್ಲ.

ಹುಕ್ಕಾದ ತಂಬಾಕಿಗೆ ಬೆಲ್ಲ ಅಥವಾ ಕಾಕಂಬಿ ಕಲಸುವುದು ಇದಕ್ಕೆ ತಿರುವುಮುರುವು. ಸಕ್ಕರೆ ಉರಿದಾಗ ಹುಟ್ಟುವ ಆಮ್ಲಗಳು ಹೊಗೆಯ ಘಾಟನ್ನು ತಗ್ಗಿಸುತ್ತವೆ. ಗಂಟಲು ಕೆರೆಯದು, ಆದ್ದರಿಂದ ದಮ್ಮು ಆಳಕ್ಕಿಳಿಯುತ್ತದೆ! ನಾಲಗೆಗೆ ಹಿತವಾಯಿತೇ ಹೊರತು ವಿಷ ಕಡಿಮೆಯಾಗಲಿಲ್ಲ. ಉರಿದ ಸಕ್ಕರೆಯಿಂದ ಅಸಿಟಾಲ್ಡಿಹೈಡ್ ಬೇರೆ ಸೇರಿಕೊಳ್ಳುತ್ತದೆ. ‘ಮನೆಯಲ್ಲೇ ಮಾಡಿದ್ದು, ಕಲಬೆರಕೆ ಇಲ್ಲ’ ಎಂಬ ಸಮಾಧಾನಕ್ಕೆ ಏನು ಬೆಲೆ?

ಈ ಸೀಮೆಗೂ ತಂಬಾಕಿಗೂ ನಂಟು ಹಳೆಯದು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ಬಿಜಾಪುರಕ್ಕೆ ಬಂದಿದ್ದ ಅಕ್ಬರನ ರಾಯಭಾರಿ ಅಸದ್ ಬೇಗ್, 1604ರ ಸುಮಾರಿಗೆ ಇಲ್ಲಿಂದ ತಂಬಾಕು ಒಯ್ದು, ರತ್ನಖಚಿತ ಕೊಳವೆಯೊಡನೆ ಬಾದಶಹನ ಮುಂದಿಟ್ಟ. ಅಕ್ಬರ್ ಎರಡು-ಮೂರು ದಮ್ಮು ಎಳೆದ. ಆಸ್ಥಾನ ವೈದ್ಯ ತಡೆದ: ಇದು ಪರೀಕ್ಷೆಯಾಗದ ವಸ್ತು, ವೈದ್ಯರು ಇದರ ಬಗ್ಗೆ ಏನೂ ಬರೆದಿಲ್ಲ. ವೈದ್ಯನ ಅನುಮಾನ ಸರಿಯಾಗಿತ್ತು. ಎಲೆಯಿಂದ ನಿಕೋಟಿನ್ ಬೇರ್ಪಟ್ಟದ್ದು 1828ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ.

ಅಕ್ಬರ್ ಆ ಚಟ ಹಚ್ಚಿಕೊಳ್ಳಲಿಲ್ಲ. ಆಸ್ಥಾನದ ಅಮೀರರು ಮಾತ್ರ ತಮಗೂ ಬೇಕೆಂದು ಕೇಳಿ ಪಡೆದರು.