ಸಾರದೆ ನಡೆದ ಯುದ್ಧವೂ ಯುದ್ಧವೇ

1798ರಿಂದ 1800ರವರೆಗೆ ಅಮೆರಿಕ, ಫ್ರಾನ್ಸ್‌ಗಳ ನಡುವೆ ಕಡಲಲ್ಲಿ ನಡೆದದ್ದು ಯುದ್ಧವೇ ಅಲ್ಲ, ವ್ಯಾಪಾರಿ ಹಡಗುಗಳ ಜಗಳ ಎನ್ನುವವರಿದ್ದಾರೆ. ಯಾರೂ ಯುದ್ಧ ಸಾರಲಿಲ್ಲ ಎಂಬುದೇ ಅವರಿಗಿರುವ ದೊಡ್ಡ ಪುರಾವೆ. ಈ ಮಾತನ್ನು ನಾನು ಒಪ್ಪಲಾರೆ.

1799ರ ಫೆಬ್ರವರಿ 9ರಂದು ನೆವಿಸ್ ದ್ವೀಪದ ಬಳಿ ಬೀಸಿದ ಬಿರುಗಾಳಿಗೆ ಫ್ರೆಂಚರ 'ಲ್ಯಾಂಸ್ಯುರ್ಜಾಂತ್' ಹಡಗಿನ ಹಾಯಿಕಂಬದ ಮೇಲ್ತುಂಡು ಮುರಿದುಬಿತ್ತು. ಅಮೆರಿಕದ ಕ್ಯಾಪ್ಟನ್ ಥಾಮಸ್ ಟ್ರಕ್ಸ್‌ಟನ್‌ನ 'ಕಾನ್‌ಸ್ಟೆಲೇಶನ್' ಅದರ ಪಕ್ಕಕ್ಕೇ ಬಂದು ಗುಂಡು ಸುರಿಸಿತು. ಶರಣಾಗುವ ಹೊತ್ತಿಗೆ ಎಪ್ಪತ್ತರಷ್ಟು ಫ್ರೆಂಚ್ ನಾವಿಕರು ಸತ್ತಿದ್ದರು ಇಲ್ಲವೇ ಗಾಯಗೊಂಡಿದ್ದರು. ಅದು ಫ್ರೆಂಚ್ ಗಣರಾಜ್ಯದ್ದೇ ಯುದ್ಧನೌಕೆ. ಆ ನಾವಿಕರ ಮುಂದೆ ನಿಂತು ಇದು ಯುದ್ಧವಲ್ಲ ಎನ್ನಲು ಯಾರಿಗೆ ಬಾಯಿ ಬಂದೀತು?

ಅಮೆರಿಕದ ಸುಪ್ರೀಂ ಕೋರ್ಟಿಗೂ ಇದೇ ಪ್ರಶ್ನೆ ಬಂದಿತ್ತು. 'ಎಲಿಝಾ' ಎಂಬ ಹಡಗನ್ನು ಫ್ರೆಂಚರು ಹಿಡಿದರು. ಮೂರು ವಾರದ ಮೇಲೆ ಅಮೆರಿಕದ 'ಗ್ಯಾಂಜಸ್' ಬಿಡಿಸಿತು. 'ಶತ್ರು'ವಿನ ಕೈಯಿಂದ ಬಿಡಿಸಿದ್ದಾದರೆ ಬಿಡಿಸಿದವರಿಗೆ ಅರ್ಧ ಬೆಲೆ ಎಂದು ಕಾನೂನು. ಯುದ್ಧವನ್ನೇ ಸಾರದಿರುವಾಗ ಶತ್ರು ಎಲ್ಲಿಂದ ಬಂದ ಎಂದು ಮಾಲೀಕ ವಾದಿಸಿದ. 1800ರಲ್ಲಿ ನ್ಯಾಯಮೂರ್ತಿಗಳು ಅದನ್ನು ತಳ್ಳಿಹಾಕಿದರು: ಇದು ಮಿತಿಯುಳ್ಳ ಯುದ್ಧ, ಆದರೂ ಯುದ್ಧವೇ.

ಎರಡನೆಯ ಆಕ್ಷೇಪ, ಅಮೆರಿಕ ಉಂಡ ಮನೆಗೆ ಎರಡು ಬಗೆಯಿತು ಎಂಬುದು. 1781ರಲ್ಲಿ ಫ್ರೆಂಚ್ ನೌಕಾಪಡೆ ಚೆಸಪೀಕ್ ಕೊಲ್ಲಿಯನ್ನು ಕಟ್ಟಿಹಾಕದಿದ್ದರೆ ಸ್ವಾತಂತ್ರ್ಯ ಯುದ್ಧದಲ್ಲಿ ಅಮೆರಿಕಕ್ಕೆ ಯಾರ್ಕ್‌ಟೌನ್ ಗೆಲುವಿರುತ್ತಿರಲಿಲ್ಲ, ನಿಜ. 1794ರಲ್ಲಿ ಬ್ರಿಟನ್ನಿನೊಡನೆ ಜಾನ್ ಜೇ ಮಾಡಿಕೊಂಡ ಒಪ್ಪಂದ ಫ್ರಾನ್ಸನ್ನು ಕೆರಳಿಸಿದ್ದೂ ನಿಜ. ಆದರೆ ಆ ಸಿಟ್ಟಿಗೆ ಸುಮಾರು ಒಂದು ವರ್ಷದೊಳಗೆ 316 ವ್ಯಾಪಾರಿ ಹಡಗುಗಳನ್ನು ಹಿಡಿಯುವುದೇ? ಮಾತುಕತೆಗೆ ಹೋದ ಮೂವರು ರಾಯಭಾರಿಗಳಿಂದ ಫ್ರೆಂಚ್ ವಿದೇಶಾಂಗ ಮಂತ್ರಿ ತಾಲೇರಾನ್‌ನ ದಲ್ಲಾಳಿಗಳು ಐವತ್ತು ಸಾವಿರ ಪೌಂಡ್ ಲಂಚ ಕೇಳಿದರಲ್ಲ, ಅದು ಯಾವ ಸ್ನೇಹ? ಋಣದ ಮಾತು ಬಂದಿತೆಂದು ಇನ್ನೊಂದನ್ನೂ ಹೇಳಬೇಕು. 1783ರಲ್ಲಿ ಟಿಪ್ಪು ಮಂಗಳೂರಿಗೆ ಮುತ್ತಿಗೆ ಹಾಕಿದ್ದಾಗ ಯೂರೋಪಿನಲ್ಲಿ ಸಂಧಿಯಾದ ಸುದ್ದಿ ಬಂದದ್ದೇ ತಡ, ಜೊತೆಗಿದ್ದ ಫ್ರೆಂಚ್ ಪಡೆ ಮಿತ್ರನನ್ನು ಬಿಟ್ಟು ಹಿಂದೆ ಸರಿಯಿತು.

ಮೂರನೆಯದು ಗಂಭೀರವಾದದ್ದು: ಸಂಸತ್ತನ್ನು ಬದಿಗಿಟ್ಟು ಅಧ್ಯಕ್ಷ ಜಾನ್ ಆಡಮ್ಸ್ ಯುದ್ಧ ನಡೆಸಿದ, ಮುಂದಿನವರಿಗೆ ಕೆಟ್ಟ ದಾರಿ ತೋರಿಸಿದ ಎನ್ನುತ್ತಾರೆ. ದಾಖಲೆ ಹೇಳುವುದೇ ಬೇರೆ. 1798ರ ಜುಲೈ 7ರಂದು ಫ್ರಾನ್ಸಿನೊಡನಿದ್ದ ಹಳೆಯ ಒಪ್ಪಂದಗಳನ್ನು ರದ್ದು ಮಾಡಿದ್ದು ಅಮೆರಿಕದ ಸಂಸತ್ತಾದ ಕಾಂಗ್ರೆಸ್. ಎರಡು ದಿನ ಬಿಟ್ಟು ಫ್ರಾನ್ಸಿನ ಶಸ್ತ್ರಸಜ್ಜಿತ ಹಡಗುಗಳನ್ನು ಹಿಡಿಯಲು ಅಪ್ಪಣೆ ಕೊಟ್ಟದ್ದೂ ಕಾಂಗ್ರೆಸ್. ಆ ಗೆರೆ ದಾಟಿದವರಿಗೆ ಏನಾಯಿತೆಂಬುದಕ್ಕೆ 'ಫ್ಲೈಯಿಂಗ್ ಫಿಶ್' ಮೊಕದ್ದಮೆ ಇದೆ. ಫ್ರೆಂಚ್ ಬಂದರಿಗೆ ಹೋಗುವ ಹಡಗನ್ನು ಹಿಡಿಯಬಹುದು ಎಂದು ಕಾನೂನು ಹೇಳಿತ್ತು. ಸರ್ಕಾರದ ಆದೇಶ ಅಲ್ಲಿಂದ ಬರುವುದನ್ನೂ ಸೇರಿಸಿಬಿಟ್ಟಿತು. ಕ್ಯಾಪ್ಟನ್ ಜಾರ್ಜ್ ಲಿಟ್ಲ್ ಅಲ್ಲಿಂದ ಬರುತ್ತಿದ್ದ ಡೇನಿಷ್ ಹಡಗೊಂದನ್ನು ಹಿಡಿದ. 1804ರಲ್ಲಿ ತೀರ್ಪು ಕೊಟ್ಟವರು ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ಪ್ಯಾರಿಸ್ಸಿನಲ್ಲಿ ಲಂಚದ ಮಾತು ಕೇಳಿಸಿಕೊಂಡ ಆ ಮೂವರಲ್ಲಿ ಒಬ್ಬರು. ಅಧ್ಯಕ್ಷರ ಆದೇಶವಿದ್ದರೂ ಕಾನೂನು ಮೀರಿದ್ದಕ್ಕೆ ಕ್ಯಾಪ್ಟನ್ನೇ ನಷ್ಟ ತುಂಬಿಕೊಡಬೇಕು ಎಂದರು. ಯುದ್ಧಕಾಲದ ಅಧಿಕಾರಕ್ಕೆ ಹೀಗೆ ಮೂಗುದಾರ ಹಾಕಿದ ತೀರ್ಪು ನನ್ನ ಮಟ್ಟಿಗೆ ಯಾವ ನೌಕಾ ಗೆಲುವಿಗಿಂತಲೂ ದೊಡ್ಡದು.

ಕೊನೆಯ ಆಕ್ಷೇಪ ಮಾತ್ರ ಸರಿ. 1800ರ ಸೆಪ್ಟೆಂಬರ್ 30ರ ಮೋರ್ತ್‌ಫೋಂತೇನ್ ಒಪ್ಪಂದದಿಂದ ಶಾಂತಿ ಬಂತು, ಆದರೆ ಅದರ ಬೆಲೆಯನ್ನು ವ್ಯಾಪಾರಿಗಳು ತೆತ್ತರು. ಹಳೆಯ ಮೈತ್ರಿಯ ಹೊರೆ ಕಳೆದುಕೊಳ್ಳಲು ಅಮೆರಿಕ ತನ್ನ ಪ್ರಜೆಗಳಿಗೆ ಫ್ರಾನ್ಸಿನಿಂದ ಬರಬೇಕಿದ್ದ ಪರಿಹಾರವನ್ನು ಬಿಟ್ಟುಕೊಟ್ಟಿತು. ಆ ಅಹವಾಲುಗಳನ್ನು ನ್ಯಾಯಾಲಯ ಕೇಳಲಿ ಎಂದು ಕಾಂಗ್ರೆಸ್ ಒಪ್ಪಿದ್ದು 1885ರಲ್ಲಿ. ಅಷ್ಟರಲ್ಲಿ ಹಡಗು ಕಳೆದುಕೊಂಡವರು ಹೋಗಿ, ಕಾಗದಪತ್ರಗಳನ್ನು ಹಿಡಿದು ನಿಂತವರು ಅವರ ವಾರಸುದಾರರಾಗಿದ್ದರು.