ಡಿಕ್ಕಿಯಲ್ಲಿ ಮರೆತ ಕಿಟ್ ಬ್ಯಾಗ್

ಶನಿವಾರ, ಭಾನುವಾರ ಬೆಳಿಗ್ಗೆ ಅಕ್ಕನ ಮಗನನ್ನು ಕ್ರಿಕೆಟ್ ಕೋಚಿಂಗಿಗೆ ಬಿಡೋದು ನನ್ನ ಡ್ಯೂಟಿ. ಅವನಿಗೆ ಹನ್ನೆರಡು ವರ್ಷ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂರೋ ನನಗೂ ಅದೊಂದು ಹೊರಗಿನ ಗಾಳಿ. ಆಟ ಮುಗಿದ ಮೇಲೆ ಇಬ್ಬರೂ ದರ್ಶಿನಿಯಲ್ಲಿ ಇಡ್ಲಿ-ವಡೆ ತಿಂದು ಮನೆಗೆ ಬರ್ತೀವಿ. ಕಿಟ್ ಬ್ಯಾಗ್ ಮಾತ್ರ ಕಾರಿನ ಡಿಕ್ಕಿಯಲ್ಲೇ ಉಳಿಯುತ್ತಿತ್ತು, ಮುಂದಿನ ಶನಿವಾರದವರೆಗೆ.

ಬೆವರಲ್ಲಿ ನೆಂದ ಪ್ಯಾಡ್, ಗ್ಲೌಸ್, ಹೆಲ್ಮೆಟ್, ಎಲ್ಲಾ ಜಿಪ್ ಹಾಕಿದ ಬ್ಯಾಗಿನೊಳಗೆ. ವಾಸನೆ ಬರೋಕೆ ಶುರುವಾದಾಗ ನಾನು ಮಾಡಿದ್ದೇನು ಗೊತ್ತಾ? ಕಾರಿಗೆ ಒಂದು ಪರ್ಫ್ಯೂಮ್ ಡಬ್ಬಿ ತಂದಿಟ್ಟೆ. ಎರರ್ ಮೆಸೇಜ್ ಕಾಣದ ಹಾಗೆ ಮಾಡಿ ಬಗ್ ಫಿಕ್ಸ್ ಆಯ್ತು ಅಂದ ಹಾಗೆ.

ಮಳೆಗಾಲದಲ್ಲಿ ಹುಡುಗ ಕೂತಲ್ಲಿ ನಿಂತಲ್ಲಿ ತೊಡೆ ಕೆರೆದುಕೊಳ್ಳತೊಡಗಿದ. ಕೇಳಿದರೆ, “ಏನಿಲ್ಲ ಮಾಮ, ಸೊಳ್ಳೆ” ಅಂದ. ಒಂದು ದಿನ ಒತ್ತಾಯ ಮಾಡಿ ನೋಡಿದೆ. ಥೈ ಪ್ಯಾಡ್ ಕಟ್ಟುವ ಜಾಗದಲ್ಲಿ ಬಳೆಯಷ್ಟು ಅಗಲದ ಕೆಂಪು ವೃತ್ತ. ಅಂಚು ಉಬ್ಬಿತ್ತು, ನಡುವೆ ಚರ್ಮ ತಿಳಿಯಾಗಿತ್ತು. “ಅಮ್ಮಂಗೆ ಹೇಳ್ಬೇಡ ಮಾಮ, ಗಲೀಜು ಅಂತಾರೆ” ಅಂದ.

ಮಾಮ ಹೇಳಲಿಲ್ಲ. ನೇರವಾಗಿ ಮೆಡಿಕಲ್ ಶಾಪಿಗೆ ಹೋಗಿ, “ತುರಿಕೆಗೆ ಏನಾದ್ರೂ ಕೊಡಿ” ಅಂದೆ. ಒಂದು ಟ್ಯೂಬ್ ಕೊಟ್ಟರು. ಮೂರೇ ದಿನಕ್ಕೆ ತುರಿಕೆ ಮಾಯ! ನಾನು ಹೀರೋ. ಎರಡು ವಾರ ಕಳೆಯುವಷ್ಟರಲ್ಲಿ ವೃತ್ತಗಳು ನಾಲ್ಕಾಗಿ ಸೊಂಟದವರೆಗೆ ಹತ್ತಿದ್ದವು.

ಅಕ್ಕನಿಗೆ ಗೊತ್ತಾಯ್ತು. “ಅವನು ಮಗು, ಮುಚ್ಚಿಟ್ಟ. ನಿನಗೇನೋ ಆಗಿತ್ತು?” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಚರ್ಮದ ಡಾಕ್ಟರ್ ಹುಡುಗನಿಗಿಂತ ಮೊದಲು ಟ್ಯೂಬ್ ನೋಡಿದರು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಸ್ಟೀರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತೆ, ಜೊತೆಗೆ ಆ ಜಾಗದ ಚರ್ಮದ ಪ್ರತಿರೋಧವನ್ನೂ ಕುಗ್ಗಿಸುತ್ತೆ. ಶಿಲೀಂಧ್ರಕ್ಕೆ, ಅಂದರೆ ಫಂಗಸ್‌ಗೆ, ಅದಕ್ಕಿಂತ ಒಳ್ಳೆ ಅವಕಾಶ ಇಲ್ಲ. ನಾವು ಹುಳುಕಡ್ಡಿ ಅಂತ ಕರೆಯೋ ಈ ರೋಗದಲ್ಲಿ ಹುಳುವೇ ಇಲ್ಲ, ಇರೋದು ಫಂಗಸ್. ಚರ್ಮದಿಂದ ಚರ್ಮಕ್ಕೆ ಮಾತ್ರ ಅಲ್ಲ, ಟವೆಲ್, ಬಟ್ಟೆ, ಪ್ಯಾಡ್‌ಗಳಿಂದಲೂ ಅದು ದಾಟುತ್ತೆ. ಬೆಚ್ಚಗಿನ ಒದ್ದೆ ಜಾಗ ಅಂದರೆ ಅದಕ್ಕೆ ಹಬ್ಬ. ನಮ್ಮ ಡಿಕ್ಕಿ ಹಾಗೆಯೇ ಇತ್ತು.

ಫಂಗಸ್ ಒಂದೇ ಅಲ್ಲ. ತರಚಿದ ಗಾಯದ ಮೂಲಕ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಒಳಗೆ ಹೋದರೆ ಕುರು, ಕೀವು. 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ರ‍್ಯಾಮ್ಸ್ ಫುಟ್‌ಬಾಲ್ ತಂಡದ 58 ಆಟಗಾರರಲ್ಲಿ 5 ಜನರಿಗೆ ಸಾಮಾನ್ಯ ಆ್ಯಂಟಿಬಯಾಟಿಕ್‌ಗೆ ಬಗ್ಗದ ಸ್ಟ್ಯಾಫ್ ಸೋಂಕು ತಗುಲಿತ್ತು. ಶುರುವಾಗಿದ್ದು ಕೃತಕ ಹುಲ್ಲಿನ ಮೇಲೆ ಬಿದ್ದು ತರಚಿದ ಜಾಗಗಳಲ್ಲೇ. ತನಿಖೆ ಮಾಡಿದವರಿಗೆ ಆಟಗಾರರು ಟವೆಲ್ ಹಂಚಿಕೊಳ್ಳುತ್ತಿದ್ದದ್ದೂ ಕಣ್ಣಿಗೆ ಬಿತ್ತು. ಕೋಟಿಗಟ್ಟಲೆ ದುಡ್ಡಿರೋ ತಂಡದ ಕಥೆಯೇ ಹೀಗೆ.

ಈಗ ನಮ್ಮ ಮನೆಯ ಪದ್ಧತಿ ಇಷ್ಟು. ಇಡ್ಲಿ ತಿಂದು ಬಂದ ತಕ್ಷಣ ಬ್ಯಾಗ್ ಮೇಲಕ್ಕೆ ಬರಬೇಕು, ಜಿಪ್ ಪೂರ್ತಿ ತೆರೆಯಬೇಕು. ಪ್ಯಾಡ್, ಹೆಲ್ಮೆಟ್‌ನ ಒಳಭಾಗ, ಗಲ್ಲದ ಪಟ್ಟಿಯನ್ನು ಸೋಪು ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಗಾಳಿಗೆ ಇಡಬೇಕು. ಕ್ರಿಮಿನಾಶಕ ಹಾಕೋದಾದರೂ ಕೊಳೆ ತೆಗೆದ ಮೇಲೇ. ಕೊಳೆಯ ಮೇಲೆ ಸುರಿದರೆ ಅದು ಸರಿಯಾಗಿ ಕೆಲಸ ಮಾಡಲ್ಲ. ಒಳಗ್ಲೌಸ್, ಸಾಕ್ಸ್, ಒಳಉಡುಪು ಒಂದು ಸಲ ಹಾಕಿದರೆ ಒಗೆಯೋಕೆ. ಗಾರ್ಡ್ ಮತ್ತು ಟವೆಲ್ ಯಾರಿಗೂ ಕೊಡೋ ಹಾಗಿಲ್ಲ, ತಗೊಳ್ಳೋ ಹಾಗಿಲ್ಲ. ಆಟ ಮುಗಿದ ಮೇಲೆ ಸೋಪು ಹಾಕಿ ಸ್ನಾನ. ತರಚಿದ ಗಾಯ ತೊಳೆದು ಮುಚ್ಚದೆ ಮೈದಾನಕ್ಕೆ ಇಳಿಯೋ ಹಾಗಿಲ್ಲ. ತುರಿಕೆ ಬಂದರೆ ಡಾಕ್ಟರ್, ಟ್ಯೂಬ್ ಅಲ್ಲ. ಅವರು ಕೊಟ್ಟ ಔಷಧಿಯನ್ನು ಕಲೆ ಹೋಯ್ತು ಅಂತ ನಾವೇ ನಿಲ್ಲಿಸಬಾರದು.

ಇಷ್ಟೆಲ್ಲಾ ಪಾಠ ಮಾಡಿ, ಕೊನೆಗೆ “ಹೆಲ್ಮೆಟ್ಟೂ ಯಾರಿಗೂ ಕೊಡಬೇಡ” ಅಂದೆ. ಹುಡುಗ ಸುಮ್ಮನೆ ನನ್ನ ಮುಖ ನೋಡಿದ.

“ಮಾಮ, ನನ್ನ ಜೊತೆ ಓಪನಿಂಗ್ ಬರ್ತಾನಲ್ಲ, ಅವನ ಹತ್ರ ಹೆಲ್ಮೆಟ್ ಇಲ್ಲ. ಕೊಡದೇ ಇದ್ರೆ ಅವನು ಹೇಗೆ ಆಡ್ತಾನೆ?”

ಆ ಹುಡುಗ ಕೋಚಿಂಗಿಗೆ ಬರೋದೇ ಕಷ್ಟದಲ್ಲಿ. ನೆಟ್ಸ್‌ನಲ್ಲಿ ಒಬ್ಬರಾದ ಮೇಲೆ ಒಬ್ಬರಂತೆ ಇವನ ಹೆಲ್ಮೆಟ್ಟೇ ಹಾಕಿಕೊಂಡು ಆಡುತ್ತಿದ್ದರು. ಚರ್ಮರೋಗ ಬರಬಾರದು ಅಂತ ಹೆಲ್ಮೆಟ್ ಇಲ್ಲದೆ ವೇಗದ ಬೌಲಿಂಗ್ ಎದುರಿಸು ಅನ್ನೋಕಾಗುತ್ತಾ? ನನ್ನ ನಿಯಮ ಸ್ವಂತ ಕಿಟ್ ಇರೋ ಮಕ್ಕಳಿಗಷ್ಟೇ ಸರಿಹೋಗುತ್ತಿತ್ತು.

ದಾರಿ ಹುಡುಕಿದ್ದು ಅಕ್ಕ. ಹಳೆ ಕಾಟನ್ ಪಂಚೆ ಕತ್ತರಿಸಿ, ಹೆಲ್ಮೆಟ್ ಒಳಗೆ ಹಾಕಿಕೊಳ್ಳೋ ತೆಳು ಟೋಪಿಗಳನ್ನು ಹೊಲಿದಳು. ಒಬ್ಬೊಬ್ಬರಿಗೆ ಎರಡೆರಡು, ಒಂದು ಮೈದಾನಕ್ಕೆ, ಇನ್ನೊಂದು ಒಗೆಯೋಕೆ. ಬ್ಯಾಗಿನಲ್ಲಿ ಒಂದು ಡಬ್ಬಿ ಸೋಪು ನೀರು, ಒರೆಸೋಕೆ ನಾಲ್ಕು ಬಟ್ಟೆ. ಹೆಲ್ಮೆಟ್ ಕೈ ಬದಲಾಯಿಸೋ ಮುಂಚೆ ಒಳಗಡೆ ಮತ್ತು ಪಟ್ಟಿ ಒರೆಸಿ ಒಣಗಿಸಿ ಕೊಡೋದು. ಸಂಪೂರ್ಣ ರಕ್ಷಣೆ ಅಲ್ಲ, ಆದರೆ ಇಬ್ಬರೂ ಆಡಬಹುದು.

ಪೋಷಕರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸ್ವಚ್ಛತೆಯ ಬಗ್ಗೆ ಉದ್ದ ಮೆಸೇಜ್ ಬರೆದು ಅಳಿಸಿದೆ. ಬದಲಿಗೆ ನನ್ನ ಟ್ಯೂಬಿನ ಕಥೆಯನ್ನೇ ಬರೆದೆ, ಹುಡುಗನ ಒಪ್ಪಿಗೆ ಕೇಳಿ. ಗ್ರೂಪಿನಲ್ಲಿ ಯಾರೂ ಏನೂ ಹೇಳಲಿಲ್ಲ. ರಾತ್ರಿ ಹತ್ತರೊಳಗೆ ಮೂರು ತಾಯಂದಿರು ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿದರು: “ನಮ್ಮವನಿಗೂ ಇದೆ. ಯಾವ ಡಾಕ್ಟರ್?”

ನಿಮ್ಮ ಮನೆಯಲ್ಲೂ ಆಟಕ್ಕೆ ಹೋಗೋ ಮಗು ಇದ್ದರೆ, ಇವತ್ತು ಒಮ್ಮೆ ಬ್ಯಾಗಿನ ಜಿಪ್ ತೆಗೆದು ನೋಡಿ. ಆಮೇಲೆ ಮಗುವನ್ನು ಕೇಳಿ, ಬೈಯದೆ. ನಮ್ಮ ಬಾಲ್ಕನಿಯಲ್ಲಿ ಈಗ ಭಾನುವಾರ ಮಧ್ಯಾಹ್ನ ಅಕ್ಕನ ಹಪ್ಪಳಕ್ಕೆ ಜಾಗ ಇಲ್ಲ. ಪ್ಯಾಡ್ ಒಣಗ್ತಾ ಇರುತ್ತೆ.